ಗೆದ್ದ ಗಾಡಿ ಯಾರದು?

ಮಕ್ಕಳ ಆಟಿಕೆಯಲ್ಲಿ ಧರ್ಮಸೂಕ್ಷ್ಮವನ್ನು ಹುಡುಕುವುದು ಅತಿಯಾಯಿತೆಂದು ಕೆಲವರಿಗೆ ತೋರಬಹುದು. ಆದರೆ ಅಣುವ್ರತಗಳ ಪರೀಕ್ಷೆ ನಡೆಯುವುದು ಗೃಹಸ್ಥನ ಇಂಥ ಸಣ್ಣ ಸಂಗತಿಗಳಲ್ಲಿಯೇ.

ಅಜ್ಜಂಪುರದ ಕಡೆ ಮಕ್ಕಳು ಜೋಳದ ದಂಟನ್ನು ಸೀಳಿ ಎತ್ತಿನ ಗಾಡಿ ಕಟ್ಟುತ್ತಿದ್ದರು. ತರೀಕೆರೆಯ ತೋಟಗಳಲ್ಲಿ ಉದುರಿದ ಅಡಿಕೆಹಾಳೆಯೇ ರಥವಾಗುತ್ತಿತ್ತು. ಒಬ್ಬ ಕೂರುವವನು, ಮತ್ತೊಬ್ಬ ಎಳೆಯುವವನು. ಕಡೂರಿನಂಥ ಪೇಟೆಯ ಹುಡುಗರಿಗೆ ಗ್ಯಾರೇಜಿನವರು ಬಿಸುಟ ಹಳೆಯ ಬೇರಿಂಗು, ಒಂದು ಹಲಗೆ, ನಾಲ್ಕು ಮೊಳೆ ಸಿಕ್ಕರೆ ಸಾಕು, ಗಾಡಿ ಸಿದ್ಧ. ಆ ಗಾಡಿ ಯಾರದೆಂಬ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲ. ಕಟ್ಟಿದವನೇ ಓಡಿಸುತ್ತಿದ್ದ, ಮುರಿದರೆ ಅವನೇ ಅಳುತ್ತಿದ್ದ.

ಪ್ರಶ್ನೆ ಏಳುವುದು ಆಟಕ್ಕೆ ಬಹುಮಾನ ಸೇರಿದಾಗ. 1953ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಮರ್ಫಿ ಎಂಬ ಸ್ಕೌಟ್ ನಾಯಕರು ಪುಟ್ಟ ಮರದ ಕಾರುಗಳ ಪಂದ್ಯವೊಂದನ್ನು ಆರಂಭಿಸಿದರು. ಮಕ್ಕಳೇ ಕುಳಿತು ಓಡಿಸುವ ದೊಡ್ಡ ಗಾಡಿಗಳ ಪಂದ್ಯಕ್ಕೆ ಅವರ ಮಗನಿಗೆ ಇನ್ನೂ ವಯಸ್ಸು ಸಾಲದಾಗಿತ್ತು. ತಂದೆಯೂ ಮಗನೂ ಒಟ್ಟಿಗೆ ಕುಳಿತು ಕೆಲಸ ಮಾಡಲೆಂಬುದೇ ಅವರ ಆಶಯ. ಪೈನ್ ಮರದ ಒಂದು ತುಂಡು, ನಾಲ್ಕು ಚಕ್ರ, ಅಚ್ಚಿಗೆ ನಾಲ್ಕು ಮೊಳೆ. ರೂಢಿಯ ನಿಯಮದಂತೆ ತೂಕ 5 ಔನ್ಸ್, ಅಂದರೆ ಸುಮಾರು 142 ಗ್ರಾಂ ಮೀರಕೂಡದು. ಎಂಜಿನ್ನಿಲ್ಲದ ಈ ಕಾರನ್ನು ಇಳಿಜಾರಿನಲ್ಲಿ ಓಡಿಸುವುದು ಭೂಮಿಯ ಸೆಳೆತವೊಂದೇ. ತೂಕದ ಮಿತಿ, ಇಳಿಜಾರಿನ ಎತ್ತರ ಎಲ್ಲರಿಗೂ ಒಂದೇ. ಹಾಗಾಗಿ ಗೆಲುವಿನ ಗುಟ್ಟು ಬಹುಮಟ್ಟಿಗೆ ವೇಗವನ್ನು ಕೂಡಿಸುವುದರಲ್ಲಿಲ್ಲ, ತಡೆಯನ್ನು ಕಳೆಯುವುದರಲ್ಲಿದೆ: ಮೊಳೆಯ ಒರಟನ್ನು ಉಜ್ಜಿ ನುಣುಪಾಗಿಸುವುದು, ಗ್ರಾಫೈಟ್ ಪುಡಿ ಹಾಕುವುದು, ಚಕ್ರಗಳು ನೇರವಾಗಿ ಉರುಳುವಂತೆ ಕೂಡಿಸುವುದು. ಮಣ್ಣಿನ ಲೇಪ ಕಳೆದ ಸೋರೆಬುರುಡೆ ತಾನಾಗಿ ನೀರಿನ ಮೇಲಕ್ಕೆ ಬರುವ ದೃಷ್ಟಾಂತವನ್ನು ಬಲ್ಲ ಶ್ರಾವಕರಿಗೆ ಈ ಪಾಠ ಹೊಸದಲ್ಲ.

ಆದರೆ ಈ ನಾಜೂಕಿನ ಕೆಲಸ ಎಂಟು ವರ್ಷದ ಕೈಗಳಿಗೆ ಕಷ್ಟ. ತಂದೆ ಮೊದಲು ಗರಗಸವನ್ನು ತೆಗೆದುಕೊಳ್ಳುತ್ತಾನೆ, ಆಮೇಲೆ ಅರವನ್ನು, ಕೊನೆಗೆ ಎಲ್ಲವನ್ನೂ. ಮಗುವಿಗೆ ಉಳಿಯುವುದು ಬಣ್ಣ ಬಳಿಯುವ ಕೆಲಸ, ಮತ್ತು ವೇದಿಕೆಯ ಮೇಲೆ "ನಾನೇ ಮಾಡಿದ್ದು" ಎಂಬ ಮಾತು.

ಈ ದಾರಿ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ 1973ರ ಒಂದು ಘಟನೆ ಸಾಕ್ಷಿ. ಓಹಿಯೋದ ಆಕ್ರನ್ ನಗರದಲ್ಲಿ ನಡೆದ ದೊಡ್ಡ ಗಾಡಿಗಳ ಪಂದ್ಯದಲ್ಲಿ 14 ವರ್ಷದ ಹುಡುಗನೊಬ್ಬ ಮೊದಲಿಗನಾದ. ಅವನ ಗಾಡಿಯ ಮೂತಿಯಲ್ಲಿ ವಿದ್ಯುತ್ಕಾಂತ ಅಡಗಿತ್ತು. ಆರಂಭದ ಕಬ್ಬಿಣದ ತಡೆಹಲಗೆ ಬೀಳುವಾಗ ಅದು ಗಾಡಿಯನ್ನು ಮುಂದಕ್ಕೆ ಸೆಳೆಯುತ್ತಿತ್ತು. ಎರಡೇ ದಿನಗಳಲ್ಲಿ ಮೋಸ ಬಯಲಾಗಿ ಪ್ರಶಸ್ತಿ ಹೋಯಿತು. ಇದರ ಹಿಂದಿದ್ದವನು ಹುಡುಗನ ಹಿರಿಯ ಬಂಧು. ನಿಯಮಗಳನ್ನು ಎಲ್ಲರೂ ಮೀರುತ್ತಾರೆಂಬುದು ಆತನ ಸಮರ್ಥನೆಯಾಗಿತ್ತು. ಅವಮಾನದ ಭಾರವನ್ನು ಮಾತ್ರ ಮಗುವೂ ಹೊರಬೇಕಾಯಿತು.

ಜೈನಾಗಮವು ಕರ್ಮಾಸ್ರವವನ್ನು ಮಾಡಿದವನಿಗಷ್ಟೇ ಸೀಮಿತಗೊಳಿಸಿಲ್ಲ. ಕೃತ, ಕಾರಿತ, ಅನುಮತ ಎಂಬ ಮೂರು, ಮನ, ವಚನ, ಕಾಯ ಎಂಬ ಮೂರು, ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ ಬರುವ 108 ಭೇದಗಳನ್ನೇ ಜಪಮಾಲೆಯ ಮಣಿಗಳು ನೆನಪಿಸುತ್ತವೆಂದು ಹಿರಿಯರು ಹೇಳುತ್ತಾರೆ. ಈ ಲೆಕ್ಕದಲ್ಲಿ ಗಾಡಿ ಮಾಡಿ ತನ್ನ ಮಾನಕಷಾಯವನ್ನು ತಣಿಸಿಕೊಂಡ ತಂದೆಗೆ ಕೃತದ ಪಾಲು. ಮಗುವಿನಿಂದ ಸುಳ್ಳಾಡಿಸಿದ್ದಕ್ಕೆ ಕಾರಿತದ ಪಾಲೂ ಅವನದೇ. ಮಾಡಿದವನಿಗೆ ಸಲ್ಲಬೇಕಾದ ಬಹುಮಾನವನ್ನು ಮಾಡದವನು ಪಡೆದರೆ ಅದು ಅದತ್ತಾದಾನದ ನೆರಳಿನಲ್ಲಿಯೇ ಬರುತ್ತದೆ. ಇನ್ನು ನಿಜವನ್ನು ಬಲ್ಲೂ ಚಪ್ಪಾಳೆ ತಟ್ಟಿದ ಸಭೆಗೆ ಅನುಮೋದನೆಯ ಪಾಲು ತಪ್ಪದು.

ಹಾಗಾದರೆ ಮಗುವಿಗೆ ನೆರವಾಗುವುದೇ ದೋಷವೇ? ಅಲ್ಲ. ಹರಿತವಾದ ಉಳಿಯನ್ನು ಮಗುವಿನ ಕೈಗೆ ಕೊಟ್ಟು ಸುಮ್ಮನಿರುವುದು ಪ್ರಮಾದ. ಕತ್ತರಿಸುವ ಕೈ ತಂದೆಯದಿರಲಿ, ಎಲ್ಲಿ ಕತ್ತರಿಸಬೇಕೆಂಬ ನಿರ್ಧಾರ ಮಗುವಿನದಿರಲಿ. ಯಾವ ಭಾಗ ಯಾರದೆಂಬುದನ್ನು ಇಬ್ಬರೂ ಮುಚ್ಚಿಡದಿರಲಿ.

ಮತ್ತೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಇತರ ಮಕ್ಕಳ ಗಾಡಿಗಳನ್ನು ಅವರ ತಂದೆಯರು ಮಾಡಿರುವಾಗ, ಪ್ರಾಮಾಣಿಕನಾದ ಮಗು ಸೋಲುವುದು ಖಚಿತ. ತಂದೆಯ ವ್ರತಕ್ಕೆ ಮಗುವೇಕೆ ದಂಡ ತೆರಬೇಕು? ಈ ಸೋಲು ನೋವಿನದು, ಅದನ್ನು ಉಪದೇಶದಿಂದ ಮರೆಸಲಾಗದು. ಆದರೆ "ಎಲ್ಲರೂ ಮೀರುತ್ತಾರೆ" ಎಂಬುದೇ ಆಕ್ರನ್ನಿನ ಆ ಬಂಧುವಿನ ಮಾತೂ ಆಗಿತ್ತು. ಸೋತ ಮಗುವಿಗೆ ಗಾಡಿಯಾದರೂ ತನ್ನದಾಗಿ ಉಳಿಯುತ್ತದೆ, ಕಲಿತ ಕೈಯೂ ಉಳಿಯುತ್ತದೆ. ಹೀಗೆ ಗೆದ್ದ ಮಗುವಿಗೆ, ತಂದೆ ತನ್ನ ಕೈಗಳನ್ನು ನಂಬಲಿಲ್ಲವೆಂಬ ಅರಿವು ಉಳಿಯುತ್ತದೆ.

ಈ ಅನ್ಯಾಯವನ್ನು ನಿವಾರಿಸುವ ಹೊಣೆ ಮಗುವಿನದಲ್ಲ, ಪಂದ್ಯ ನಡೆಸುವವರದು. ಮಹಾವೀರ ಜಯಂತಿಗೆ ಮಕ್ಕಳ ಸ್ಪರ್ಧೆಗಳನ್ನು ಏರ್ಪಡಿಸುವ ಬಸದಿಯ ಸಮಿತಿಗಳಿಗೂ ಇದು ಅನ್ವಯಿಸುತ್ತದೆ. ಒಬ್ಬ ಬಡಗಿಯಿಂದ ಎಲ್ಲರಿಗೂ ಒಂದೇ ಅಳತೆಯ ತುಂಡುಗಳನ್ನು ಕೊಯ್ಯಿಸಿ, ಉಳಿದ ಕೆಲಸವನ್ನು ಸಭಾಭವನದಲ್ಲಿಯೇ ಮಕ್ಕಳಿಂದ ಮಾಡಿಸಬಹುದು. ಹಿರಿಯರಿಗೆ ಚಪಲವಿದ್ದರೆ ಅವರದೇ ಪ್ರತ್ಯೇಕ ಪಂದ್ಯ ನಡೆಯಲಿ. ಬಹುಮಾನಕ್ಕೆ ಮುನ್ನ ಪ್ರತಿ ಮಗುವೂ ತನಗೆ ಯಾರು ಯಾವುದರಲ್ಲಿ ನೆರವಾದರೆಂಬುದನ್ನು ಹೇಳಲಿ.

ಕಡೂರಿನ ಬೇರಿಂಗ್ ಗಾಡಿ ಓರೆಯಾಗಿ ಓಡುತ್ತಿತ್ತು, ಸದ್ದು ಬಹಳ ಮಾಡುತ್ತಿತ್ತು. ಆದರೆ "ಯಾರು ಮಾಡಿದ್ದು?" ಎಂದು ದಾರಿಹೋಕರು ಕೇಳಿದಾಗ ಹುಡುಗ ತಂದೆಯ ಮುಖ ನೋಡಬೇಕಾಗಿರಲಿಲ್ಲ.