ಬಿದ್ದ ಕೊಂಬೆ ಯಾರದ್ದು?

ಕಾಡಿನಲ್ಲಿ ತಾನಾಗಿ ಮುರಿದು ಬಿದ್ದ ಕೊಂಬೆಯನ್ನು ಎತ್ತಿಕೊಂಡು ಬಂದು ಕಲಾಕೃತಿ ಮಾಡಿದರೆ ತಪ್ಪೇನಿದೆ? ಮರ ಕಡಿದಿಲ್ಲ, ಪ್ಲಾಸ್ಟಿಕ್ ಬಳಸಿಲ್ಲ. ನೋಡಲು ಬಂದ ಮಕ್ಕಳು ಮುಟ್ಟಬಹುದು, ಒಳಗೆ ಹೊಕ್ಕು ಆಡಬಹುದು. ಮೇಲ್ನೋಟಕ್ಕೆ ಇಷ್ಟು ನಿರಪಾಯದ ಕೆಲಸ ಇನ್ನೊಂದು ಕಾಣದು.

ಇಂಥ ಕಲೆ ಈಗ ಜಗತ್ತಿನ ಎಲ್ಲೆಡೆ ಇದೆ. ಎಸ್ಟೋನಿಯಾದ ಪ್ಯಾಹ್ನಿ ಎಂಬಲ್ಲಿ 2015ರಲ್ಲಿ ಅಲ್ಲಿನ ಕಲಾ ಅಕಾಡೆಮಿಯ ವಿದ್ಯಾರ್ಥಿಗಳು ಕಾಡಿನ ನಡುವೆ ಮರದ ಮೂರು ದೊಡ್ಡ ಕಹಳೆಗಳನ್ನು ಇಟ್ಟರು. ಒಂದೊಂದರ ಬಾಯಿ ಸುಮಾರು ಮೂರು ಮೀಟರ್ ಅಗಲ. ಊದುವುದಕ್ಕಲ್ಲ, ಒಳಗೆ ಕೂತು ಕಾಡು ಮಾತಾಡುವುದನ್ನು ಕೇಳುವುದಕ್ಕೆ. ಡೆನ್ಮಾರ್ಕಿನ ಥಾಮಸ್ ಡ್ಯಾಂಬೊ ಗುಜರಿ ಹಲಗೆ, ಹಳೆಯ ಪ್ಯಾಲೆಟ್‌ಗಳಿಂದ ದೈತ್ಯ ರಾಕ್ಷಸರನ್ನು ಕಟ್ಟಿ ಕಾಡಿನ ದಾರಿಯಲ್ಲಿ ಕೂರಿಸುತ್ತಾರೆ. ಡ್ಯಾಂಬೊ ಬಳಸುವುದು ಊರಿನ ಕಸ, ಅದು ಕಾಡಿಗೆ ಹೋಗುತ್ತದೆ. ನಮ್ಮ ನಗರಗಳ ಹೋಟೆಲ್ಲು, ಆಫೀಸುಗಳ ಅಂಗಳದಲ್ಲಿ ನಡೆಯುವುದು ಇದರ ತಿರುಗುಮುರುಗು. ಕಾಡಿನ ಬೊಡ್ಡೆ, ಬೇರು, ಬಳ್ಳಿ ಊರಿಗೆ ಬರುತ್ತವೆ. ಎರಡಕ್ಕೂ ಹೆಸರು ಮಾತ್ರ ಒಂದೇ: ರಿಕ್ಲೇಮ್ಡ್. ಮರಳಿ ಪಡೆದದ್ದು.

ಯಾರಿಂದ ಪಡೆದದ್ದು ಎಂದು ಕೇಳಿದ ಕೂಡಲೇ ಆ ಪದ ತಡವರಿಸತೊಡಗುತ್ತದೆ. ಕಸ ಎಂಬುದು ಊರಿನ ಲೆಕ್ಕ. ಕಾಡಿನಲ್ಲಿ ಸತ್ತು ನಿಂತ ಮರದ ಪೊಟರೆ ಮಂಗಟ್ಟೆಗೂ ಗಿಳಿಗೂ ಮನೆ. ಮರಕುಟಿಗಕ್ಕೆ ಅದೇ ಊಟದ ತಟ್ಟೆ. ಬಿದ್ದ ದಿಮ್ಮಿಯನ್ನು ಗೆದ್ದಲು ಮತ್ತು ಅಣಬೆ ಸೇರಿ ವರ್ಷಗಟ್ಟಲೆ ತಿಂದು ಮಣ್ಣಿಗೆ ವಾಪಸ್ ಕೊಡುತ್ತವೆ. ನಮ್ಮ ಕಣ್ಣಿಗೆ ಅನಾಥವಾಗಿ ಬಿದ್ದಿರುವ ಆ ದಿಮ್ಮಿಯ ಮೇಲೆ ಆಗಲೇ ಸಾವಿರ ಜೀವಗಳ ಹಕ್ಕಿದೆ.

ಹಾಗಾದರೆ ಕಾಡಿನಿಂದ ಏನನ್ನೂ ತರಲೇಬಾರದೇ? ಶಿರಸಿ ಕಡೆಯವನಾಗಿ ನಾನು ಹಾಗೆ ಹೇಳಿದರೆ ಊರಲ್ಲಿ ನಗುತ್ತಾರೆ. ನಮ್ಮ ಅಡಿಕೆ ತೋಟಗಳು ನಿಂತಿರುವುದೇ ಬೆಟ್ಟದ ಸೊಪ್ಪು ಮತ್ತು ದರಕಿನ ಮೇಲೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂದು ಬ್ರಿಟಿಷರ ಕಾಲದಲ್ಲೇ ಲೆಕ್ಕ ಹಾಕಿ ಕೊಟ್ಟದ್ದಿದೆ. ಬೇಸಿಗೆಯಲ್ಲಿ ದರಕು ಗುಡಿಸಿ ಹೆಡಿಗೆಯಲ್ಲಿ ಹೊತ್ತು ಕೊಟ್ಟಿಗೆಗೆ ಹಾಸಿ, ಗೊಬ್ಬರವಾದ ಮೇಲೆ ತೋಟಕ್ಕೆ ಹಾಕುವುದು. ಇದರಲ್ಲಿ ಅತಿಯೂ ಆಗಿದೆ. ಸೊಪ್ಪು ಸವರಿ ಸವರಿ ಬೋಳಾದ ಬೆಟ್ಟಗಳು ಬೇಕಾದಷ್ಟಿವೆ. ಆದರೆ ಬೆಟ್ಟ ಬೋಳಾದರೆ ಕೆಳಗಿನ ಬಾವಿಯ ನೀರು ಇಳಿಯುವುದು ಸೊಪ್ಪು ತಂದವನದೇ. ತಂದದ್ದಕ್ಕೆ ಅವನು ಅಲ್ಲೇ ಇದ್ದು ಉತ್ತರ ಕೊಡಬೇಕು. ವಸ್ತು ಸಹಜವೋ ಕೃತಕವೋ ಎಂಬುದಕ್ಕಿಂತ ಇದು ನನಗೆ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ.

ಲಂಟಾನದ ಆನೆಗಳನ್ನು ನೋಡಿ. ಗೂಡಲೂರು ಕಡೆಯ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕನ್ ಮತ್ತು ಸೋಲಿಗ ಕುಶಲಕರ್ಮಿಗಳು ಲಂಟಾನದ ಕಡ್ಡಿಗಳನ್ನು ಬೇಯಿಸಿ, ಸಿಪ್ಪೆ ತೆಗೆದು, ಕಬ್ಬಿಣದ ಚೌಕಟ್ಟಿನ ಮೇಲೆ ಬಗ್ಗಿಸಿ ಬಗ್ಗಿಸಿ ನಿಜ ಗಾತ್ರದ ಆನೆ ಮಾಡುತ್ತಾರೆ. 2021ರಲ್ಲಿ ಅವು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. 2024ರಲ್ಲಿ ಬೆಂಗಳೂರಿಗೆ ಬಂದವು, ಅದೇ ವರ್ಷ ನ್ಯೂಯಾರ್ಕಿಗೂ ಹೋದವು. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಇದೇ ಕಡ್ಡಿಯಿಂದ ಕುರ್ಚಿ, ಆಟಿಕೆ ಮಾಡುವುದು ಅದಕ್ಕೂ ಹಳೆಯದು. ಲಂಟಾನ ಅಮೆರಿಕ ಖಂಡದಿಂದ ಹೂವಿನ ಗಿಡವಾಗಿ ಬಂದದ್ದು. ಈಗ ದೇಶದಲ್ಲಿ ಒಂದೂವರೆ ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ಕಾಡನ್ನು ಅದು ಆಕ್ರಮಿಸಿದೆ ಎಂದು 2020ರ ಅಧ್ಯಯನವೊಂದು ಅಂದಾಜಿಸಿತು. ಇದನ್ನು ಕಾಡಿನಿಂದ ತೆಗೆದಷ್ಟೂ ಹುಲ್ಲಿಗೆ ಜಾಗ, ಜಿಂಕೆಗೆ ಹುಲ್ಲು. ಕಡಿದರೆ ಮತ್ತೆ ಚಿಗುರುತ್ತದೆ ಎಂಬುದೂ ನಿಜ. ಆನೆ ಮಾಡಿ ಲಂಟಾನ ಮುಗಿಸಲು ಸಾಧ್ಯವಿಲ್ಲ.

ಇಲ್ಲೂ ಒಂದು ಮುಳ್ಳಿದೆ. ಸೋಲಿಗರು ಹಿಂದೆ ವರ್ಷದ ಆರಂಭದಲ್ಲಿ ಕಾಡಿಗೆ ತರಗು ಬೆಂಕಿ ಹಾಕುತ್ತಿದ್ದರು. ನೆಲದ ಒಣ ಎಲೆಯಷ್ಟೇ ಸುಡುವ ಸಣ್ಣ ಬೆಂಕಿ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದ ಮೇಲೆ ಬೆಂಕಿಯೂ ನಿಂತಿತು, ಅವರ ಹಾಡಿಗಳೂ ಒಳಗಿನಿಂದ ಹೊರಗೆ ಸರಿದವು. ಬೆಂಕಿ ನಿಂತದ್ದರಿಂದಲೇ ಲಂಟಾನ ಹೀಗೆ ಹಬ್ಬಿತು ಎಂದು ಅವರ ಹಿರಿಯರು ಹೇಳುತ್ತ ಬಂದಿದ್ದಾರೆ. ಸಂಶೋಧಕರು ಅದನ್ನು ದಾಖಲಿಸಿಯೂ ಇದ್ದಾರೆ. ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದು 2011ರಲ್ಲಿ. ಕಾಡನ್ನು ನೋಡಿಕೊಳ್ಳುವ ಅವರ ವಿದ್ಯೆಗೆ ನಿಷೇಧ, ಆ ನಿಷೇಧದ ನಂತರ ಬೆಳೆದ ಕಳೆಯಿಂದ ಆನೆ ಮಾಡುವ ಕೌಶಲಕ್ಕೆ ಚಪ್ಪಾಳೆ! ಬೆಂಗಳೂರಿನಲ್ಲಿ ಆ ಆನೆಗಳ ಪಕ್ಕ ಸೆಲ್ಫಿ ತೆಗೆದುಕೊಂಡವರನ್ನು ನಾನು ದೂರುತ್ತಿಲ್ಲ, ಆನೆಗಳು ಚೆನ್ನಾಗಿಯೇ ಇದ್ದವು. ಹಣ ಹಾಡಿಗೆ ಹೋಗುತ್ತದೆ ಎಂಬುದು ಸಣ್ಣ ಮಾತೂ ಅಲ್ಲ. ಆದರೆ ಕಾಡಿನ ಬಗ್ಗೆ ಮಾಡಿದವರ ಅಭಿಪ್ರಾಯ ಕೇಳದೆ ಕೈಕೆಲಸವನ್ನಷ್ಟೇ ತರಿಸಿಕೊಂಡರೆ, ಅದೂ ಒಂದು ಬಗೆಯ ಕೊಂಬೆ ಎತ್ತುವಿಕೆ ಎಂದು ನನಗನಿಸುತ್ತದೆ.

ಹೈದರಾಬಾದಿನಲ್ಲಿ ಕೂತು ಇದನ್ನು ಯೋಚಿಸುವುದಕ್ಕೆ ಕಾರಣವಿದೆ. 2025ರ ಯುಗಾದಿಯ ದಿನಗಳಲ್ಲಿ, ಹೈದರಾಬಾದ್ ವಿಶ್ವವಿದ್ಯಾಲಯದ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆಗೆ ಜೆಸಿಬಿಗಳು ನುಗ್ಗಿದವು. ಐಟಿ ಕಟ್ಟಡಗಳಿಗಾಗಿ, ಅಂದರೆ ನಮ್ಮಂಥವರಿಗಾಗಿ. ವಿದ್ಯಾರ್ಥಿಗಳು ಬೀದಿಗಿಳಿದರು, ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಡೆಯಿತು. ಅಷ್ಟರಲ್ಲಿ ನೂರು ಎಕರೆಯಷ್ಟು ನೆಲ ಬೋಳಾಗಿತ್ತು. ಮರ ಉರುಳಿದ ಮೇಲೆ ಆ ಮರವೂ ‘ಬಿದ್ದ ಮರ’ವೇ. ಬಿರುಗಾಳಿ ಬೀಳಿಸಿದ್ದೋ ಜೆಸಿಬಿ ಬೀಳಿಸಿದ್ದೋ, ಪಾಲಿಶ್ ಹಾಕಿದ ಮೇಲೆ ಯಾರಿಗೆ ಗೊತ್ತಾಗುತ್ತದೆ?

ನಾನಿರುವ ಕಂಪನಿಯ ಹೊಸ ಕಟ್ಟಡದ ನೆಲಮಾಳಿಗೆಯ ಲಾಬಿಯಲ್ಲಿ ಇಂಥದ್ದೇ ಒಂದು ‘ಕಾಡು’ ಬರಲಿದೆ. ಒಣ ಬೊಡ್ಡೆಗಳು, ಜೋತುಬಿದ್ದ ಬಳ್ಳಿ, ಹತ್ತಿರ ಹೋದರೆ ಸೆನ್ಸರ್ ಎಚ್ಚೆತ್ತು ಹಕ್ಕಿ ಕೂಗಬೇಕು. ಕೆಲಸದ ಪಟ್ಟಿ ಬರೆಯುವುದು ನನ್ನ ಪಾಲಿಗೆ ಬಂತು. ಮೂರು ಸಾಲು ಸೇರಿಸಿದೆ: ಪ್ರತಿ ಬೊಡ್ಡೆ ಯಾವ ಊರಿನದು, ಹೇಗೆ ಬಿತ್ತು, ಆ ಜಾಗದಲ್ಲಿ ಈಗ ಏನಿದೆ. ಮೀಟಿಂಗಿನಲ್ಲಿ ಹೈದರಾಬಾದಿನ ಸಹೋದ್ಯೋಗಿಯೊಬ್ಬರು, “ಸಾರ್, ಇದು ಕಲೆ, ಆಧಾರ್ ಕಾರ್ಡ್ ಅಲ್ಲ” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಾಲುಗಳನ್ನು ಅಳಿಸಲಿಲ್ಲ. ಸರಬರಾಜುದಾರರಿಂದ ಸೆನ್ಸರ್‌ಗಳ ದರಪಟ್ಟಿ ಮರುದಿನವೇ ಬಂತು. ಬೊಡ್ಡೆಗಳ ಊರಿನ ಹೆಸರು ಇನ್ನೂ ಬರಬೇಕು.