ಗದ್ದೆಗೆ ಸಲ್ಲಬೇಕಾದ ಹುಲ್ಲು



ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ, ಧರ್ಮಪತ್ನಿ ಲಕ್ಕಮ್ಮನವರು ಹೆಚ್ಚಿನದನ್ನು ಒಳಗೆ ಸೇರಿಸಲಿಲ್ಲ. ಎಲ್ಲಿಂದ ಬಂದಿತೋ ಅಲ್ಲಿಯೇ ಸುರಿದು ಬನ್ನಿರೆಂದರು. ಈ ಕಥೆಯನ್ನು ಕೇಳದ ಭಕ್ತರಿಲ್ಲ. ಬಸರೀಕಟ್ಟೆಯ ಸುತ್ತಿನ ಗದ್ದೆಗಳಲ್ಲಿ ಕೊಯ್ಲು ಮುಗಿದಾಗಲೂ ಇದು ನೆನಪಿಗೆ ಬರಬೇಕು.

ಭತ್ತ ನಮ್ಮ ಪಾಲು, ಹುಲ್ಲು ದನಗಳ ಪಾಲು. ದನ ತಿನ್ನದೆ ಬಿಟ್ಟದ್ದು, ಕೊಟ್ಟಿಗೆಯಲ್ಲಿ ತುಳಿದದ್ದು, ಮಳೆಗೆ ನೆನೆದು ಮೇವಿಗೆ ಬಾರದ್ದು ಯಾರ ಪಾಲು? ಅದು ಭೂಮಿಯದು. ಹಿರಿಯರು ಅದನ್ನು ಸೊಪ್ಪು ದರಗುಗಳೊಡನೆ ಗೊಬ್ಬರದ ಗುಂಡಿಗೆ ಸೇರಿಸುತ್ತಿದ್ದರು. ದನಗಳು ಕಡಿಮೆಯಾದ ಮನೆಗಳಲ್ಲಿ ಈಗ ಬೆಂಕಿಯಿಡುವುದೇ ಸುಲಭವೆಂದು ತೋರಬಹುದು. ಒಂದು ಟನ್ ಒಣಹುಲ್ಲಿನಲ್ಲಿ ಸುಮಾರು 5ರಿಂದ 8 ಕಿಲೋ ಸಾರಜನಕವೂ 12ರಿಂದ 17 ಕಿಲೋ ಪೊಟ್ಯಾಷಿಯಮ್ಮೂ ಇರುತ್ತವೆ. ಸುಟ್ಟರೆ ಸಾರಜನಕವು ಬಹುತೇಕ ಹೊಗೆಯೊಡನೆ ಹೋಗುತ್ತದೆ. ಮಳೆ ಹಿಡಿದಾಗ ಬೂದಿಯೂ ಹಳ್ಳ ಸೇರುತ್ತದೆ. ಬಳಿಕ ಅದನ್ನೇ ಹಣ ಕೊಟ್ಟು ಚೀಲದಲ್ಲಿ ಹೊತ್ತು ತರುತ್ತೇವೆ!

ಹಾಗೆಂದು ಒಣಹುಲ್ಲನ್ನು ನಾಟಿಗೆ ಮುನ್ನ ಕೆಸರಿನಲ್ಲಿ ತುಳಿದರೂ ಆಗದು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಹಿಡಿದುಕೊಳ್ಳುವುದರಿಂದ ಸಸಿ ಹಳದಿಗಟ್ಟುತ್ತದೆ. ಅವಕ್ಕೆ ಸಗಣಿ ಗಂಜಲಗಳ ಉಣಿಸನ್ನು ಕೊಟ್ಟು, ರಾಶಿಯಲ್ಲಿಯೇ ಅವುಗಳ ಕಾಯಕ ಮುಗಿಯಗೊಡಬೇಕು. ಕಣ್ಣಿಗೆ ಕಾಣದ ಈ ಜೀವಿಗಳೂ ಕಾಯಕಜೀವಿಗಳೆಂದರೆ ತಪ್ಪಾಗದು.

ಆಲ್ಬರ್ಟ್ ಹೋವರ್ಡ್ ಎಂಬ ವಿಜ್ಞಾನಿ 1924ರಿಂದ 1931ರವರೆಗೆ ಇಂದೂರಿನಲ್ಲಿದ್ದು ರೂಪಿಸಿದ ಕ್ರಮವೂ ಇದೇ ತಿಳಿವಳಿಕೆಯ ಮೇಲೆ ನಿಂತಿದೆ. ಬಯಲುಸೀಮೆಯಲ್ಲಿ ತೇವ ಉಳಿಯಲೆಂದು ಗುಂಡಿ ತೋಡುತ್ತಾರೆ. ನಮ್ಮಲ್ಲಿ ಗುಂಡಿಗೆ ನೀರು ನಿಂತು ಸಾರವೆಲ್ಲ ಬಸಿದುಹೋಗುವುದರಿಂದ, ಎತ್ತರದ ಜಾಗದಲ್ಲಿ ಸೋಗೆಯ ಚಪ್ಪರದಡಿ ರಾಶಿ ಹಾಕುವುದೇ ಮೇಲು. ಒಂದು ಪದರ ಹುಲ್ಲು, ಅದರ ಮೇಲೆ ಸಗಣಿಯ ಬಗ್ಗಡ, ಒಂದು ಹಿಡಿ ಮಣ್ಣು; ಹೀಗೆ ನಾಲ್ಕೈದು ಅಡಿ ಎತ್ತರ. ಹಿಡಿದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಾಣುವಷ್ಟು ತೇವವಿರಲಿ. ವಾರದೊಳಗೆ ಕಬ್ಬಿಣದ ಸರಳನ್ನು ಚುಚ್ಚಿ ತೆಗೆದರೆ ಕೈಗೆ ಬಿಸಿ ತಾಕಬೇಕು. ತಾಕದಿದ್ದರೆ ತೇವವೋ ಸಗಣಿಯೋ ಕಡಿಮೆಯಾಗಿದೆ. ಎರಡು ಮೂರು ಬಾರಿ ತಿರುವಿ ಹಾಕಬೇಕು.

ಈ ಕೆಲಸಕ್ಕೆ ಕೈ ನಾರುತ್ತದೆಂದು ಮೂಗು ಮುರಿಯುವ ಯುವಕರೂ ಉಂಟು. ಮಾಗಿದ ಗೊಬ್ಬರ ನಾರುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ಹಾಕಿದ ರಾಶಿಯನ್ನು ಮೇ ತಿಂಗಳ ಕೊನೆಗೆ ಬಿಡಿಸಿ ನೋಡಿ. ಹುಲ್ಲಿನ ಗುರುತು ಅಳಿದು, ಕಪ್ಪಾಗಿ ಪುಡಿಯಾಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬಂದಿದ್ದರೆ, ಮಳೆ ಹಿಡಿಯುವ ಮೊದಲೇ ಗದ್ದೆಗೆ ಹೊರಿಸಿರಿ.