ಹಳೆಯ ಮದ್ದಳೆಯ ಗುರುತು

ತಲೆಮಾರುಗಳಿಂದ ಬಂದ ಮದ್ದಳೆಯ ವಯಸ್ಸನ್ನು ಅದರ ಮುಚ್ಚಿಗೆ ಹೇಳದು. ಚರ್ಮ, ಬಾರು, ಚರ್ಮದ ನಡುವಿನ ಕಪ್ಪು ಲೇಪವಾದ ಕರಣೆ ಸವೆದಂತೆಲ್ಲ ಬದಲಾಗುತ್ತವೆ. ಹಳಮೆಯ ಸುಳಿವು ಸಿಗುವುದು ಮರದ ಒಡಲಲ್ಲಿ: ಮುಚ್ಚಿಗೆ ಬಿಚ್ಚಿದಾಗ ಕಾಣುವ ಉಳಿಯ ಗೆರೆ, ಕಪ್ಪಾದ ಒಳಮೈ, ಬಾರು ಉಜ್ಜಿ ಮೂಡಿಸಿದ ಗೀರು. ಉಳವಿ, ಸೊರಬದ ಮಳೆಗಾಲದಲ್ಲಿ ಚರ್ಮ ತೇವ ಹೀರಿ ಶ್ರುತಿ ಇಳಿಯುತ್ತದೆ. ಬಿರಿದ ಕರಣೆಯನ್ನು ಕೆರೆದು, ಹೊಸದನ್ನು ತೆಳುವಾಗಿ ಪದರ ಪದರವಾಗಿ ಹಾಕಿ, ಒಂದೊಂದನ್ನೂ ಕಲ್ಲಿನಿಂದ ತಿಕ್ಕಿದರೆ ನಾದ ಮರಳುತ್ತದೆ.

ಇಷ್ಟೆಲ್ಲ ಬದಲಾದ ಮೇಲೂ ಅದು ಅಜ್ಜನ ಮದ್ದಳೆಯೇ? ಅವಯವ ಬದಲಾದರೆ ಅವಯವಿಯೂ, ಅಂದರೆ ಇಡೀ ವಸ್ತುವೂ, ಹೊಸದು ಎನ್ನುತ್ತದೆ ನ್ಯಾಯದರ್ಶನ. ಮದ್ದಳೆಯೆಂಬುದು ಬಿಡಿಭಾಗಗಳ ಕೂಟಕ್ಕಿಟ್ಟ ಹೆಸರಷ್ಟೇ ಎಂಬುದು ಬೌದ್ಧರ ಉತ್ತರ. ಭಿಕ್ಷು ನಾಗಸೇನನು ಮಿಲಿಂದ ರಾಜನಿಗೆ ರಥವನ್ನು ತೋರಿಸಿ ಹೇಳಿದ್ದೂ ಇದನ್ನೇ. ದ್ರವ್ಯವಾಗಿ ಅದೇ, ಪರ್ಯಾಯವಾಗಿ, ಅಂದರೆ ಬದಲಾಗುವ ಅವಸ್ಥೆಯಾಗಿ, ಬೇರೆ ಎನ್ನುತ್ತಾರೆ ಜೈನರು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠದಲ್ಲಿ ಇಂಥ ದರ್ಶನಗಳ ಪಾಠ ನಡೆಯುತ್ತಿತ್ತೆಂದು 1162ರ ಶಾಸನ ತಿಳಿಸುತ್ತದೆ.

ಅದೇ ಬಳ್ಳಿಗಾವಿಯ ಅಲ್ಲಮಪ್ರಭುವನ್ನು ಕವಿಗಳಾದ ಹರಿಹರ, ಚಾಮರಸ ಇಬ್ಬರೂ ಮದ್ದಳೆಗಾರನೆಂದೇ ಚಿತ್ರಿಸಿದ್ದಾರೆ. ಮುಂದೆ ಅವನ ವಚನಗಳು ಹುಡುಕಿದ್ದು ರೂಪಕ್ಕೆ ಸಿಗದ ಬಯಲನ್ನು. ಆ ನೋಟದಲ್ಲಿ ವಾದ್ಯದ ಗುರುತು ಮರದಲ್ಲೂ ಇಲ್ಲ, ಚರ್ಮದಲ್ಲೂ ಇಲ್ಲ. ಆದ್ದರಿಂದ ಮುಚ್ಚಿಗೆ ಬದಲಿಸುವುದು ಹಿರಿಯರಿಗೆ ಮಾಡುವ ಅಪಚಾರವಲ್ಲ. ನುಡಿಸದೆ ಅಟ್ಟದಲ್ಲಿ ಇಟ್ಟುಬಿಡುವುದೇ ನಿಜವಾದ ನಷ್ಟ.